ಎನ್‌ಪಿಎಲ್ ಸಮಯ ಸರ್ವರ್: ಉಡುಪಿಯ ಕಚೇರಿಯೊಂದರ ಬಳಕೆಯ ಅನುಭವ

ಉಡುಪಿಯ ನಮ್ಮ ಪುಟ್ಟ ತೆರಿಗೆ ಸಲಹಾ ಕಚೇರಿಯಲ್ಲಿ ಮೂರು ಕಂಪ್ಯೂಟರುಗಳು ಮೂರು ಬಗೆಯ ಸಮಯ ತೋರಿಸುತ್ತಿದ್ದುದರಿಂದ, ಅವನ್ನು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ, ಅಂದರೆ ಎನ್‌ಪಿಎಲ್‌ನ, ಸಮಯ ಸರ್ವರಿಗೆ (ಇಂಟರ್ನೆಟ್ ಮೂಲಕ ಸರಿಯಾದ ಸಮಯ ತಿಳಿಸುವ ಕಂಪ್ಯೂಟರಿಗೆ) ಜೋಡಿಸಿ ಒಂದು ಮಳೆಗಾಲ ಕಳೆಯಿತು. ಭಾರತೀಯ ಪ್ರಮಾಣಿತ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯ್ದುಕೊಂಡು ಬರುವ ಸಂಸ್ಥೆಯೇ ಇದು. ಜೋಡಣೆಗೆ ಶುಲ್ಕವಿಲ್ಲ, ವಿಂಡೋಸ್‌ನ ಇಂಟರ್ನೆಟ್ ಟೈಮ್ ವಿಭಾಗದಲ್ಲಿ ಮೊದಲಿದ್ದ ವಿಳಾಸದ ಜಾಗದಲ್ಲಿ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್ ಎಂದು ನಮೂದಿಸಿದರೆ ಮುಗಿಯಿತು.

ಕೆಲಸ ನಡೆಯುವುದು 1985ರಿಂದ ಬಳಕೆಯಲ್ಲಿರುವ ಎನ್‌ಟಿಪಿ ಎಂಬ ವಿಧಾನದಲ್ಲಿ. ಸಮಯವೆಷ್ಟೆಂದು ನಮ್ಮ ಕಂಪ್ಯೂಟರು ಕೇಳುವ ಪ್ರಶ್ನೆ ಹೊರಟ ಗಳಿಗೆ, ಅದು ಸರ್ವರನ್ನು ಮುಟ್ಟಿದ ಗಳಿಗೆ, ಉತ್ತರ ಹೊರಟ ಗಳಿಗೆ, ಬಂದು ಸೇರಿದ ಗಳಿಗೆ, ಈ ನಾಲ್ಕನ್ನೂ ಲೆಕ್ಕ ಹಾಕಿ, ಹೋಗುವುದಕ್ಕೂ ಬರುವುದಕ್ಕೂ ಸಮಾನ ಹೊತ್ತು ಹಿಡಿಯಿತೆಂದು ಭಾವಿಸಿ, ಕಂಪ್ಯೂಟರು ತನ್ನ ತಪ್ಪನ್ನು ಅಂದಾಜಿಸುತ್ತದೆ. ಹೋಗುವ ದಾರಿಗಿಂತ ಬರುವ ದಾರಿ ನಿಧಾನವಾದರೆ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಉಳಿಯುತ್ತದೆ. ರಿಟರ್ನ್ ಸಲ್ಲಿಸುವ ನಮಗೆ ಅದು ಲೆಕ್ಕಕ್ಕಿಲ್ಲ.

ಸರ್ವರ್ ಕಳುಹಿಸುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯ ಮಾತ್ರ. ಅದಕ್ಕೆ ಐದೂವರೆ ಗಂಟೆ ಸೇರಿಸುವುದು ಕಂಪ್ಯೂಟರಿನ ಹೊಣೆ. ಆದ್ದರಿಂದ ಟೈಮ್ ಝೋನ್ ತಪ್ಪಾಗಿದ್ದರೆ ಪರಮಾಣು ಗಡಿಯಾರವೂ ಏನೂ ಮಾಡಲಾರದು. (ಪ್ರಮಾಣಿತ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಉಡುಪಿ ಅದಕ್ಕಿಂತ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಸೂರ್ಯ ನಮ್ಮ ನೆತ್ತಿಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ. ಪಂಚಾಂಗ ಬಿಡದ ನಮ್ಮ ತಂದೆಯವರಿಗೆ ಈ ಸರ್ವರಿನ ಮೇಲೆ ಅಷ್ಟೇನೂ ಗೌರವವಿಲ್ಲ.)

ನನಗೆ ತೊಂದರೆ ಕೊಟ್ಟದ್ದು ಸರ್ವರಲ್ಲ, ಹಳೆಯ ಯಂತ್ರವೊಂದರ ಮದರ್‌ಬೋರ್ಡಿನಲ್ಲಿ ಕರೆಂಟಿಲ್ಲದಾಗಲೂ ಗಡಿಯಾರ ನಡೆಸುವ ಸಿಆರ್ 2032 ಸೆಲ್. ಜುಲೈಯ ಗಾಳಿಮಳೆಗೆ ಕರೆಂಟು ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಜಾರುತ್ತಿತ್ತು. ಜಾಲತಾಣಗಳ ಭದ್ರತಾ ಪ್ರಮಾಣಪತ್ರದ ಅವಧಿ ಆ ದಿನಾಂಕಕ್ಕೆ ಹೊಂದದೆ ಬ್ರೌಸರು ಪ್ರತಿಯೊಂದು ತಾಣವನ್ನೂ ಅಸುರಕ್ಷಿತವೆಂದು ತಡೆಯುತ್ತಿತ್ತು. ವ್ಯತ್ಯಾಸ 15 ಗಂಟೆಗಿಂತ ಹೆಚ್ಚಾದರೆ ವಿಂಡೋಸ್ ಸಾಮಾನ್ಯವಾಗಿ ಸರ್ವರಿನ ಮಾತನ್ನೂ ಕೇಳುವುದಿಲ್ಲವೆಂದು ತಿಳಿದದ್ದು ಆಗಲೇ. ಹೊಸ ಸೆಲ್ ಹಾಕಿ, ದಿನಾಂಕವನ್ನು ಒಮ್ಮೆ ಕೈಯಿಂದ ತಿದ್ದಿದ ಮೇಲೆ ಮೂರೂ ಯಂತ್ರಗಳು ಒಂದೇ ಸಮಯ ತೋರಿಸುತ್ತಿವೆ.