ಮೊಳಕೆ ಕಾಳು ಮಳೆಗಾಲ ದಾಟಬೇಕಂದ್ರೆ: ಸ್ಟೀಲ್ ಡಬ್ಬಿನಾ, ಹರಳೆಣ್ಣೆನಾ, ಬಾಟಲಿನಾ, ಫ್ರಿಜ್ಜಾ?

2005ರ ಜುಲೈ 26ಕ್ಕೆ ಮುಂಬೈಯ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರೀತಲ್ಲ, ಆಗ ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲೇ ಇದ್ವಿ, ಕರೆಂಟಿಲ್ಲ, ತರಕಾರಿಯವನು ಬರ್ಲಿಲ್ಲ, ಅತ್ತೆ ಕಟ್ಟಿಟ್ಟಿದ್ದ ಮಡಿಕೆಕಾಳಿನ ಮೊಳಕೆಯಲ್ಲೇ ಮೂರು ದಿನ ಕಳೆದ್ವಿ. ಆವತ್ತಿಂದ ಮೇ ಮುಗಿಯೋದ್ರೊಳಗೆ ನಾಲ್ಕೈದು ಕಿಲೋ ಕಾಳು ತಂದಿಡೋದು ರೂಢಿಯಾಯ್ತು. ಆದ್ರೆ ಸೆಪ್ಟೆಂಬರಲ್ಲಿ ನೆನೆಸಿದ್ರೆ ಅರ್ಧ ಮೊಳೀತಾನೇ ಇರ್ಲಿಲ್ಲ, ಲೋಳೆಯಾಗಿ ವಾಸನೆ ಬರ್ತಿತ್ತು. ಅದೇ ಕಾಳು ಸಾರಿಗೆ ಚೆನ್ನಾಗೇ ಇರ್ತಿತ್ತು, ಮೊಳಕೆಗೆ ಮಾತ್ರ ಕಾಳಲ್ಲಿ ಜೀವ ಉಳಿದಿರ್ಬೇಕು, ಹುಳ ಬಿದ್ದಿಲ್ಲ ಅಂದ್ರೆ ಸಾಲ್ದು.

ಹೋದ ಮೇಯಲ್ಲಿ ಒಂದೇ ಮೂಟೆಯ ಹೆಸರುಕಾಳು ತಂದು ಎರಡು ದಿನ ಗ್ಯಾಲರಿಯ ಎಳೆಬಿಸಿಲಲ್ಲಿ ಒಣಗಿಸಿ ನಾಲ್ಕು ಪಾಲು ಮಾಡಿಟ್ಟೆ. ವರ್ಷ ಆದ್ಮೇಲೆ ಒಂದೊಂದರಿಂದ 50 ಕಾಳು ಎಣಿಸಿ ನೆನೆಸಿದೆ.

ಸ್ಟೀಲ್ ಡಬ್ಬಿ, ಬೇವಿನೆಲೆ: 29 ಮೊಳೆತವು. ನುಸಿ ಬಿದ್ದಿತ್ತು. ದಿನಾ ಮುಚ್ಚಳ ತೆಗೆದು ಹಾಕ್ತಿದ್ದೆ, ಎಲೆನೂ ಪೂರ್ತಿ ಒಣಗಿರ್ಲಿಲ್ಲ, ಆ ತೇವನೇ ಕೆಡಿಸ್ತು ಅನ್ಸುತ್ತೆ.

ಹರಳೆಣ್ಣೆ ಸವರಿದ್ದು, ಕಿಲೋಗೆ ಒಂದು ಚಮಚ: 41. ಒಂದು ಹುಳನೂ ಇಲ್ಲ, ಆದ್ರೆ ಜಿಡ್ಡು ಹೋಗೋಕೆ ಮೂರ್ನಾಲ್ಕು ಸಲ ತೊಳೀಬೇಕು, ನೀರಿಲ್ಲದ ದಿನ ಅಷ್ಟು ನೀರು ಎಲ್ಲಿಂದ ತರೋದು?

ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಒಳಗೆ ಚೂರೂ ತೇವ ಇಲ್ಲದ ಹಾಗೆ ಒಣಗಿಸಿ, ಕುಟ್ಟಿ ಕುಟ್ಟಿ ಕತ್ತಿನವರೆಗೂ ತುಂಬಿ ಬಿಗಿಯಾಗಿ ಮುಚ್ಚಿದ್ದು: 46. ಗಾಳಿ ಕಡಿಮೆ ಇರೋದ್ರಿಂದ ಒಳಗೆ ಹುಳ ಇದ್ರೂ ಬೆಳೆಯೋಕಾಗಲ್ಲ.

ಅಂಥದ್ದೇ ಬಾಟಲಿ ಫ್ರಿಜ್ಜಲ್ಲಿ: 48. ಬೀಜದ ತೇವ ಶೇ. 1 ಇಳಿದ್ರೂ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದ್ರೂ ಆಯಸ್ಸು ಸುಮಾರು ಎರಡರಷ್ಟಾಗುತ್ತೆ ಅಂತ ಹ್ಯಾರಿಂಗ್‌ಟನ್ ಅನ್ನೋ ಬೀಜ ವಿಜ್ಞಾನಿಯ ಹಳೇ ಲೆಕ್ಕ ಇದೆ, ಅದು ಸರಿನೇ ಅನ್ನಿಸ್ತು. ಆದ್ರೆ ಆಗಸ್ಟಲ್ಲಿ ಹೊರಗೆ ತೆಗೆದ ತಕ್ಷಣ ತೆರೆದ್ರೆ ತಣ್ಣನೆ ಕಾಳಿನ ಮೇಲೆಲ್ಲ ನೀರು ಕೂರುತ್ತೆ, ಮೂರ್ನಾಲ್ಕು ಗಂಟೆ ಹೊರಗಿಟ್ಟು ಆಮೇಲೆ ತೆಗೀಬೇಕು. ಎರಡು ಕಾಳಿನ ವ್ಯತ್ಯಾಸಕ್ಕೆ ಫ್ರಿಜ್ಜಿನ ಜಾಗ ಕೊಡೋಕೆ ನನಗೆ ಮನಸ್ಸಿಲ್ಲ, ನನ್ನ ಓಟು ಬಾಟಲಿಗೇ.

ಕಾಳಲ್ಲಿ ಹೆಸರು, ಮಡಿಕೆ ಎರಡೂ ಇಲ್ಲಿನ ಸೆಕೆಗೆ ಒಂದೇ ದಿನಕ್ಕೆ ಮೊಳೀತವೆ, ಮೊಳೆತದ್ದು ಬೇಗ ಬೇಯುತ್ತೆ, ಗ್ಯಾಸ್ ಉಳಿಯುತ್ತೆ. ಹುರುಳಿ ನಿಧಾನ. ಕಾಬೂಲಿ ಕಡಲೆ ಮಳೆಗಾಲದಲ್ಲಿ ಎರಡನೇ ದಿನಕ್ಕೇ ನಾರುತ್ತೆ. ರಾಜ್ಮಾ ಮೊಳಕೆ ಹಸಿ ತಿನ್ನಲೇಬೇಡಿ, ವಿಷ. ಬಿತ್ತನೆಗೆ ಮಾರೋ ಬೀಜನೂ ಬೇಡ, ಔಷಧಿ ಸವರಿರ್ತಾರೆ. ಮೊಳಕೆ ಕಟ್ಟಿದ್ರೆ ಹೊಟ್ಟೆ ತುಂಬಿಸೋ ಶಕ್ತಿ ಏನೂ ಹೆಚ್ಚಾಗಲ್ಲ, ಒಣಕಾಳಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲದ ಸಿ ವಿಟಮಿನ್ ಹುಟ್ಟುತ್ತೆ, ತರಕಾರಿ ಸಿಗದಾಗ ಅದೇ ದೊಡ್ಡದು.

ಪ್ರವಾಹದ ನೀರಲ್ಲಿ ಮಾತ್ರ ನೆನೆಹಾಕಬೇಡಿ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ-ಕೋಲಿ ಅನ್ನೋ ರೋಗಾಣು ಹರಡಿ 50ಕ್ಕೂ ಹೆಚ್ಚು ಜನ ಸತ್ರು. ನಾನು ಕುದಿಸಿ ಆರಿಸಿದ ನೀರೇ ಹಾಕ್ತೀನಿ, ತಿನ್ನೋ ಮುಂಚೆ ಬೇಯಿಸಿ ಒಗ್ಗರಣೆ ಕೊಡ್ತೀನಿ.

ಈ ಸಲ ಆರು ಬಾಟಲಿ ತುಂಬಿ ತಾರೀಖು ಬರೆದಿಟ್ಟಿದೀನಿ. ಗಣಪತಿ ಹಬ್ಬಕ್ಕೆ ಒಂದು ತೆಗೆದು ಮತ್ತೆ 50 ನೆನೆಸ್ತೀನಿ, 40ಕ್ಕಿಂತ ಕಡಿಮೆ ಬಂದ್ರೆ ಅಷ್ಟೂ ಸಾರಿಗೆ ಹಾಕಿ ಹೊಸದು ತರೋದು.