ಘಾಟಿ ಏರಿನಲ್ಲಿ ಝಡ್‌ಎಫ್ 9 ಸ್ಪೀಡ್ ಗೇರ್‌ಬಾಕ್ಸ್: ಐದರಿಂದ ನಾಲ್ಕಕ್ಕೆ ಇಳಿಸುವಲ್ಲೇ ಎಡವಟ್ಟು

ಟಾಟಾ, ಅಶೋಕ್ ಲೇಲ್ಯಾಂಡ್‌ನ ಕೆಲವು ದೊಡ್ಡ ಲಾರಿಗಳಲ್ಲಿ ಬರುವ ಝಡ್‌ಎಫ್ 9ಎಸ್ 1110 ಗೇರ್‌ಬಾಕ್ಸ್ ಬಗ್ಗೆ ಸಾಮಾನ್ಯ ದೂರು, ಕೈಗೆ ಕೆಲಸ ಜಾಸ್ತಿ ಎಂಬುದು. ಬಯಲು ರಸ್ತೆಯಲ್ಲಿ ಒಪ್ಪಬೇಕಾದ ಮಾತೇ. ಆದರೆ ಮಂಗಳೂರಿನಿಂದ ಲೋಡು ಹೊತ್ತು ಗುಂಡ್ಯ ದಾಟಿ ಶಿರಾಡಿ ಹತ್ತುವಾಗ, ಅಂಕೋಲಾ ಕಡೆಯಿಂದ ಅರಬೈಲು ಘಾಟಿ ಏರುವಾಗ, ಅದೇ ಹೆಚ್ಚಿನ ಗೇರುಗಳು ಎಂಜಿನ್ನನ್ನೂ ಕ್ಲಚ್ ಪ್ಲೇಟನ್ನೂ ಕಾಯುತ್ತವೆ.

ಗೇರ್ ರೇಶಿಯೋ ಎಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. 12.73–1.00 ರೇಶಿಯೋದ ಮಾದರಿಯಲ್ಲಿ ಕ್ರಾಲರ್ (ಒಂದನೆಯದಕ್ಕೂ ಕೆಳಗಿನ, ಅತಿ ನಿಧಾನದ ಗೇರ್) 12.73, ಒಂದನೆಯದು 8.83. ಆಮೇಲೆ 6.28, 4.64, 3.48, 2.54, 1.81, 1.34, ಎಂಟನೆಯದು 1.00. ಹೆಜ್ಜೆಗಳು ಬಹುತೇಕ ಸಮ. 1300 ಆರ್‌ಪಿಎಂನಲ್ಲಿ ಆರರಿಂದ ಐದಕ್ಕೆ ಇಳಿಸಿದರೆ ಮುಳ್ಳು 1820ರ ಆಸುಪಾಸಿಗೆ ಬರುತ್ತದೆ. ಒಂದರಿಂದ ಎಂಟರವರೆಗಿನ ಈ ಅಂತರವನ್ನೇ 6 ಗೇರುಗಳಿಗೆ ಹಂಚಿದರೆ ಪ್ರತಿ ಇಳಿಕೆಗೂ ಸರಾಸರಿ ಶೇ 55ರಷ್ಟು ಆರ್‌ಪಿಎಂ ಏರಬೇಕು, ಅಂದರೆ 1300ರಿಂದ 2000ದ ಮೇಲಕ್ಕೆ. ಹಾಗಾಗಿ ಅಂಥ ಗಾಡಿಯಲ್ಲಿ ಎಂಜಿನ್ ತಿಣುಕುವವರೆಗೆ ಕಾಯುವುದು ರೂಢಿ. ಇಲ್ಲಿ ಕಾಯುವ ಅಗತ್ಯವಿಲ್ಲ: ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಳ್ಳು 1300ಕ್ಕೆ ಜಾರುತ್ತಿದ್ದರೆ ಒಂದು ಗೇರ್ ಇಳಿಸಿಬಿಡಿ. 1100ಕ್ಕಿಂತ ಕೆಳಗೆ ಎಳೆಸಿದರೆ ಟರ್ಬೊ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಎಂಜಿನ್ ಬಿಸಿಯೇರುತ್ತದೆ, ಎಳೆತ ಮಾತ್ರ ಹೆಚ್ಚುವುದಿಲ್ಲ.

ಇನ್ನು ಕೊರತೆಯ ಮಾತು. ಹಿಂದಿನ ಆಕ್ಸಲ್ ರೇಶಿಯೋ 6.14, ಟೈರು 10.00–20 ಇದ್ದರೆ 1500 ಆರ್‌ಪಿಎಂನಲ್ಲಿ ಆರನೇ ಗೇರಿಗೆ ಗಂಟೆಗೆ ಸುಮಾರು 26 ಕಿ.ಮೀ., ಐದಕ್ಕೆ 18, ನಾಲ್ಕಕ್ಕೆ 13, ಮೂರಕ್ಕೆ 10. ಲೋಡು ಗಾಡಿ ಘಾಟಿಯಲ್ಲಿ ಓಡಾಡುವುದೇ 13ರಿಂದ 18ರ ನಡುವೆ. ಗೇರ್‌ಬಾಕ್ಸ್ ಹೈನಿಂದ (ಐದರಿಂದ ಎಂಟರವರೆಗಿನ ಗೇರುಗಳು) ಲೋಗೆ (ಒಂದರಿಂದ ನಾಲ್ಕು) ಬದಲಾಗುವುದೂ ಸರಿಯಾಗಿ ಅಲ್ಲೇ! ಈ ಬದಲಾವಣೆ ನಡೆಯುವುದು ಗಾಳಿಯ ಒತ್ತಡದಿಂದ, ಅದೂ ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ. ಶೇ 6ರ ಏರಿನಲ್ಲಿ ಕ್ಲಚ್ ಒತ್ತಿದ ಪ್ರತಿ ಸೆಕೆಂಡಿಗೂ 2 ಕಿ.ಮೀ.ಗಿಂತ ಹೆಚ್ಚು ವೇಗ ಸೋರಿಹೋಗುತ್ತದೆ. ತಿರುವಿನ ನಡುವೆ ತಡಬಡಾಯಿಸಿದರೆ ನಾಲ್ಕನೆಯದೂ ಸಾಲದು.

ಗೇರ್ ಲಿವರಿನ ಗುಬುಟಿನಲ್ಲಿ ಹೈ-ಲೋ ಸ್ವಿಚ್ ಇರುವ ಮಾದರಿಯಲ್ಲಿ, ಐದರಲ್ಲಿ ಓಡುತ್ತಿರುವಾಗಲೇ ಸ್ವಿಚ್ ಕೆಳಗೆ ಮಾಡಿಟ್ಟುಕೊಳ್ಳಿ. ಕ್ಲಚ್ ಪೂರ್ತಿ ಒತ್ತಿ ಲಿವರನ್ನು ನ್ಯೂಟ್ರಲ್‌ಗೆ ತನ್ನಿ, ಅರೆಕ್ಷಣ ಬಿಡಿ, ನಾಲ್ಕಕ್ಕೆ ಹಾಕಿ. ಸ್ವಿಚ್ ಮರೆತರೆ? ನಾಲ್ಕು ಮತ್ತು ಎಂಟರ ಜಾಗ ಒಂದೇ ಆದ್ದರಿಂದ ಎಂಟು ಬೀಳುತ್ತದೆ, ಏರಿನ ಮಧ್ಯೆ ಎಂಜಿನ್ ಆಫ್. ಇದರ ತಿರುಗುಮುರುಗು ಇನ್ನೂ ದುಬಾರಿ: ಎಂಟರ ವೇಗದಲ್ಲಿ ನಾಲ್ಕು ಬಿದ್ದರೆ ಕ್ಲಚ್ ಪ್ಲೇಟ್ ಮೂರೂವರೆ ಪಟ್ಟು ವೇಗಕ್ಕೆ ತಿರುಗಬೇಕಾಗುತ್ತದೆ. ಪ್ಲೇಟ್ ಚೂರಾಗುವುದು, ಸಿಂಕ್ರೊ ರಿಂಗ್ (ಗೇರ್ ಬೀಳುವಾಗ ವೇಗ ಹೊಂದಿಸುವ ಬಳೆ) ಹೋಗುವುದು ಹೀಗೆಯೇ.

ಹೇರ್‌ಪಿನ್ ತಿರುವಿಗೆ 30–40 ಮೀಟರ್ ಮೊದಲೇ ನಾಲ್ಕಕ್ಕೆ ಬಂದಿರಬೇಕು. ಮುಂದೆ ಲಾರಿ ಸಾಲು ಕಂಡರಂತೂ ಮೂರು. ಗೇರ್ ಹಾರಿಸಿ ಇಳಿಸುವ ಚಾಳಿ ಇದ್ದವರಿಗೆ ಒಂದು ಲೆಕ್ಕ: 1300ರಲ್ಲಿ ಏಳರಿಂದ ಐದಕ್ಕೆ ಹಾರಿದರೆ 2460 ಆಗುತ್ತದೆ. ವೇಗ ಆಗಲೇ ಬಿದ್ದುಹೋಗಿ 1000ದ ಹತ್ತಿರವಿದ್ದರೆ ಮಾತ್ರ ಹಾರಿಸಬಹುದು.

ಏರಿನಲ್ಲಿ ನಿಂತ ಗಾಡಿ ಎಬ್ಬಿಸಲು ಕ್ರಾಲರ್ ಇದೆ, ಬಳಸಲು ಸಂಕೋಚ ಬೇಡ. ಗಾಡಿ ಪೂರ್ತಿ ನಿಂತಿರುವಾಗಲೇ ಹಾಕಿ, ಕ್ಲಚ್ ಕಚ್ಚಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಎರಡರಲ್ಲಿ ಎಬ್ಬಿಸಲು ಹೋಗಿ ಹಾಫ್ ಕ್ಲಚ್‌ನಲ್ಲಿ ಒದ್ದಾಡಿದರೆ ಸುಟ್ಟ ವಾಸನೆ ಖಚಿತ.

ಈ ಗೇರ್‌ಬಾಕ್ಸ್ ಇರುವ ಹಳೆಯ ಗಾಡಿ ಕೊಳ್ಳುವವರು ಟ್ಯಾಂಕಿನಲ್ಲಿ ಗಾಳಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಸ್ವಿಚ್ ಮೇಲೆ ಕೆಳಗೆ ಮಾಡಿ ನೋಡಬೇಕು. ಒಮ್ಮೆ 'ಪುಸ್' ಎಂದು ಸುಮ್ಮನಾದರೆ ಸರಿ. ಸದ್ದು ನಿಲ್ಲದಿದ್ದರೆ ವಾಲ್ವ್ ಅಥವಾ ಸಿಲಿಂಡರಿನ ಸೀಲ್ ಸೋರುತ್ತಿದೆ, ಅದನ್ನು ಸರಿಮಾಡಿಸದೆ ಘಾಟಿಗೆ ಲೋಡು ಒಪ್ಪಿಕೊಳ್ಳಬೇಡಿ.