8 ಕೆಬಿಪಿಎಸ್ ಅಂತ ಕೊಟ್ಟ ಓಪಸ್ ಫೈಲು 19 ತಿಂತಿದೆ, ಬಿಲ್ ಕಟ್ಟೋ ಮುಂಚೆ ನೋಡ್ಕೊಳ್ಳಿ

ಪಾಠ, ಪ್ರವಚನ, ಆಡಿಯೋಬುಕ್ಕು ಅಂತ ಮಾತಿನ ರೆಕಾರ್ಡಿಂಗನ್ನು ಹೊರಗಡೆ ಕೊಟ್ಟು ಕಂಪ್ರೆಸ್ ಮಾಡಿಸೋರು ದಯವಿಟ್ಟು ಓದಿ. ಕರಾರಾಗಿದ್ದು ಓಪಸ್ (ಆಡಿಯೋ ಕುಗ್ಗಿಸೋ ಒಂದು ವಿಧಾನ), ಮಾನೋ (ಒಂದೇ ಚಾನಲ್), 8 ಕೆಬಿಪಿಎಸ್ (ಸೆಕೆಂಡಿಗೆ 8,000 ಬಿಟ್). ಗಂಟೆಗೆ 3.6 ಎಂಬಿ ಬರಬೇಕು. ಬಂದಿದ್ದು 8.6 ಎಂಬಿ!

ಕಂಪ್ರೆಸ್ ಮಾಡಿಕೊಟ್ಟವರನ್ನ ಕೇಳಿದ್ದಕ್ಕೆ ಮೊದಲ ಉತ್ತರ: "ವಿಬಿಆರ್ ಅಲ್ವಾ ಸರ್, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ." ವಿಬಿಆರ್ ಅಂದರೆ ಮಾತಿಗೆ ತಕ್ಕಂತೆ ಬಿಟ್‌ರೇಟು ಏರಿಳಿಯೋದು, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ನಿಜ. ಎರಡು ಪಟ್ಟು ದಾಟಲ್ಲ. ಎರಡನೇ ಉತ್ತರ: "6ಕ್ಕೆ ಇಳಿಸಿ ಕೊಡ್ತೀವಿ, ಅದಕ್ಕೆ ಬೇರೆ ಚಾರ್ಜು." ಅದಕ್ಕೆ ಒಪ್ಪಿದ್ದು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತೆ. ದನಿ ಮಂಕಾಯ್ತು, ಸ ಯಾವುದು ಶ ಯಾವುದು ತಿಳಿಯದಂಗಾಯ್ತು. ಸೈಜು? 7.7 ಎಂಬಿ. ಬಿಟ್‌ರೇಟು ಕಾಲು ಭಾಗ ಇಳಿದರೂ ಫೈಲು ಇಳಿದಿದ್ದು ಹತ್ತು ಪರ್ಸೆಂಟು ಚಿಲ್ಲರೆ. ಅಲ್ಲಿಗೆ ಗೊತ್ತಾಯ್ತು, ತಿಂತಿರೋದು ಮಾತಲ್ಲ, ಬೇರೆ ಏನೋ.

ಮೊದಲ ಫೈಲನ್ನ, ಓಪಸ್ ಫೈಲಿನ ವಿವರ ತೋರಿಸೋ ಪ್ರೋಗ್ರಾಮು ಓಪಸ್‌ಇನ್ಫೋಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಹೇಳಿತು: ಓವರ್‌ಹೆಡ್ 58 ಪರ್ಸೆಂಟ್. ದುಡ್ಡು ಕೊಟ್ಟು ಕೊಂಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಹೆಡರು, ಅಂದರೆ ಮಾತಲ್ಲದ ಮೇಲ್ವಿವರ!

ಆಗಿರೋದು ಇಷ್ಟು. ಓಪಸ್ ಫೈಲಿನ ಹೊರಗಿನ ಕಂಟೇನರು, ಅಂದರೆ ಮಾತನ್ನ ತುಂಬಿಡೋ ಡಬ್ಬಿ, ಓಗ್. ಅದರ ಪ್ರತಿ ಪೇಜಿಗೆ 27 ಬೈಟ್ ಹೆಡರು, ಒಳಗಿನ ಪ್ಯಾಕೆಟ್ಟಿನ ಉದ್ದ ಬರೆಯೋಕೆ ಇನ್ನೊಂದು ಬೈಟು. 8 ಕೆಬಿಪಿಎಸ್‌ನಲ್ಲಿ 20 ಮಿಲಿಸೆಕೆಂಡಿನ ಫ್ರೇಮು (ಮಾತಿನ ಒಂದು ತುಂಡು, ಇಲ್ಲಿ ಒಂದು ಪ್ಯಾಕೆಟ್ಟು) ಅಂದರೆ 20 ಬೈಟು. ಇವರು ಪ್ರತಿ ಪ್ಯಾಕೆಟ್ಟಿಗೂ ಪೇಜು ಫ್ಲಶ್ ಮಾಡಿದ್ದಾರೆ, ಅಂದರೆ ಒಂದು ಪ್ಯಾಕೆಟ್ಟಿಗೇ ಪೇಜು ಮುಗಿಸಿದ್ದಾರೆ. 20 ಬೈಟ್ ಮಾತಿಗೆ 28 ಬೈಟ್ ಲಕೋಟೆ. ಸೆಕೆಂಡಿಗೆ 50 ಪ್ಯಾಕೆಟ್ಟು, 19.2 ಕೆಬಿಪಿಎಸ್. ಒಂದು ಸೆಕೆಂಡಿನ 50 ಪ್ಯಾಕೆಟ್ಟನ್ನೂ ಒಂದೇ ಪೇಜಿಗೆ ತುಂಬಿದ್ದರೆ ಲಕೋಟೆ 77 ಬೈಟು, ಒಟ್ಟು 8.6 ಕೆಬಿಪಿಎಸ್, ಗಂಟೆಗೆ 3.9 ಎಂಬಿ.

ಲೆಕ್ಕ ಕಳಿಸಿದ ಮೇಲೆ: "ಸ್ಟ್ರೀಮಿಂಗ್‌ಗೆ ಹಂಗೇ ಮಾಡಬೇಕು ಸರ್." ಲೈವ್ ಆದರೆ ತಡ ಆಗಬಾರದು ಅಂತ ಮಾಡ್ತಾರೆ, ಒಪ್ಪೋಣ. ಇದು ಡೌನ್‌ಲೋಡ್ ಫೈಲು! ಆಮೇಲೆ ಉತ್ತರವೇ ಇಲ್ಲ, ಹೆಚ್ಚುವರಿ ಚಾರ್ಜೂ ವಾಪಸ್ ಬಂದಿಲ್ಲ.

ನಿಮ್ಮ ಹತ್ತಿರ ಇಂಥ ಫೈಲಿದ್ದರೆ ಮತ್ತೆ ಎನ್‌ಕೋಡ್ ಮಾಡಿಸಬೇಡಿ, ದನಿ ಹಾಳಾಗುತ್ತೆ. ಆಡಿಯೋ ಫೈಲು ಬದಲಿಸೋ ಪ್ರೋಗ್ರಾಮು ಎಫ್‌ಎಫ್‌ಎಂಪೆಗ್‌ನಲ್ಲಿ ಕೋಡೆಕ್ ಕಾಪಿ (ಎನ್‌ಕೋಡ್ ಮಾಡದೆ ಇದ್ದಹಾಗೇ ನಕಲಿಸೋ) ಆಯ್ಕೆ ಕೊಟ್ಟು ಹೊಸ ಓಪಸ್ ಫೈಲಾಗಿ ಬರೆಸಿ. ಅದರ ಓಗ್ ಪೇಜು ಡೀಫಾಲ್ಟಾಗೇ ಒಂದು ಸೆಕೆಂಡಿನದು, ಮಾತಿನ ಒಂದು ಬಿಟ್ಟೂ ಬದಲಾಗಲ್ಲ. ಹತ್ತು ಸೆಕೆಂಡಿನ ಚಿಕ್ಕ ಕ್ಲಿಪ್ಪುಗಳಾದರೆ ಇನ್ನೊಂದು: ಓಪಸ್ ಫೈಲು ಮಾಡೋ ಪ್ರೋಗ್ರಾಮು ಓಪಸ್‌ಎನ್ಕ್ ಟ್ಯಾಗಿನ ಹಿಂದೆ 512 ಬೈಟ್ ಖಾಲಿ ಜಾಗ (ಪ್ಯಾಡಿಂಗ್) ಬಿಡುತ್ತೆ, ಅದನ್ನ ಸೊನ್ನೆ ಮಾಡಿಸಿ. 10,000 ಬೈಟಿನ ಕ್ಲಿಪ್ಪಿಗೆ ಅದೇ ಐದು ಪರ್ಸೆಂಟು.

ಸ್ಯಾಂಪಲ್ ಫೈಲು ಮೊದಲು ತಗೊಳ್ಳಿ, ಓಪಸ್‌ಇನ್ಫೋದ ಓವರ್‌ಹೆಡ್ ಸಾಲು ನೋಡಿ. ಕರಾರಿನಲ್ಲಿ ಕೋಡೆಕ್ಕಿನ ಬಿಟ್‌ರೇಟು ಬರೆಸಬೇಡಿ, ಗಂಟೆಗೆ ಎಷ್ಟು ಎಂಬಿ ಅಂತ ಬರೆಸಿ. ಮೂಲ ವೇವ್ ಫೈಲುಗಳನ್ನ ಮಾತ್ರ ಅಳಿಸಬೇಡಿ.